ದಪ್ಪ ತಲೆಯ ಭಿನ್ನರಾಶಿ

ಮೊಕ್ಪೊ ಬಂದರಿನ ಪ್ರಾಥಮಿಕ ಶಾಲೆಯ ಪ್ಯೊ ಗುಮೋಕ್ ಟೀಚರ ಬಾಯಿ ಸುಮ್ಮನಿರುವ ಜಾತಿಯದಲ್ಲ. ಮೂರನೇ ತರಗತಿಯ ಮಕ್ಕಳಿಗೆ ಅವರು ದಿನಾ ಒಂದು ಪೀರಿಯಡ್ ಬರೀ ಪದ ಕಲಿಸುತ್ತಿದ್ದರು. ಭಾಷೆಯ ಪುಸ್ತಕದಲ್ಲಿ ಒಂದು ಅರ್ಥ, ಗಣಿತದಲ್ಲಿ ಇನ್ನೊಂದು ಅರ್ಥ ಕೊಟ್ಟು ಮಕ್ಕಳನ್ನು ಯಾಮಾರಿಸುವ ಪದಗಳೆಂದರೆ ಅವರಿಗೆ ಪಂಚಪ್ರಾಣ.

ಅಲ್ಲಿಯ ಮಾತಿನಲ್ಲಿ ಭಿನ್ನರಾಶಿಯ ಕೆಳಗಿನ ಅಂಕಿ ತಾಯಿ, ಮೇಲಿನದು ಮಗು. "ಅಮ್ಮ ಮಗೂನ ಬೆನ್ನಿಗೆ ಕಟ್ಕೊಂಡಿದಾಳೆ, ಅಷ್ಟೇ ಕಣ್ರೋ," ಎನ್ನುತ್ತಿದ್ದರು ಟೀಚರ್. ಮಗುವೇ ತಾಯಿಗಿಂತ ದಪ್ಪಗಿದ್ದರೆ ಅದು ಗಾಬುನ್ಸು, ಅಂದರೆ ವಿಷಮ ಭಿನ್ನರಾಶಿ. ತಲೆ ದಪ್ಪ ಇದ್ದವರಿಗೆ ಜನ ಇಡುವ ಅಡ್ಡಹೆಸರೂ ಅದೇ. ಮುಖ್ಯೋಪಾಧ್ಯಾಯ ಮೇಂಗ್ ಅವರ ತಲೆಯಂತೂ ಕುಂಬಳಕಾಯಿ. ಅವರಿಗೆ ಆ ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಇದೇ ಟೀಚರ್.

ಮೇಂಗ್‌ಗೆ ಆ ಪೀರಿಯಡ್ ಕಂಡರಾಗದು. "ಭಾಷೆ ಭಾಷೆಯ ಪಾಡಿಗೆ, ಗಣಿತ ಗಣಿತದ ಪಾಡಿಗೆ ಇರ್ಲಿ. ತಾಯಂದಿರ ಎದುರು ಪಾಠ ಮಾಡಿ ತೋರ್ಸಿ. ಮಕ್ಕಳು ತಡವರಿಸಿದ್ರೆ ನಿಮ್ಮ ಪದಗಳ ಪೀರಿಯಡ್ ಅವತ್ತೇ ಬಂದ್," ಎಂದುಬಿಟ್ಟರು. ಅದೊಂದು ಹೋದರೆ ಟೀಚರಿಗೆ ನೌಕರಿಯೇ ಸಪ್ಪೆ.

ಆ ದಿನ ತಾಯಂದಿರು ತರಗತಿಯ ಹಿಂಬದಿಯಲ್ಲಿ ಸಾಲಾಗಿ ನಿಂತರು. ಮೇಂಗ್ ಬಾಗಿಲಲ್ಲಿ ಕೈಕಟ್ಟಿ ನಿಂತರು.

"ಗಾಬುನ್ಸುಗೆ ಒಂದು ಉದಾಹರಣೆ ಕೊಡಿ ನೋಡೋಣ," ಎಂದರು ಟೀಚರ್.

ದಾಸೋಲ್ ಎಂಬ ಹುಡುಗಿ ಥಟ್ಟನೆ ಎದ್ದು ಬಾಗಿಲ ಕಡೆ ಬೆರಳು ತೋರಿಸಿದಳು. "ಹೆಡ್ಮಾಸ್ಟರ್ ಸಾರ್!"

ಟೀಚರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹಾಳು ನಗು ಬೇರೆ ಒಳಗೊಳಗೇ ಒತ್ತಿಕೊಂಡು ಬರುತ್ತಿತ್ತು.

"ಯಾರಮ್ಮ ಹೇಳ್ಕೊಟ್ಟಿದ್ದು ಇದನ್ನ?" ಮೇಂಗ್ ಮುಖ ಕೆಂಪಾಗಿತ್ತು.

"ನಮ್ ಟೀಚರ್, ಸಾರ್."

ಬುನ್ಸು ಎಂದರೆ ಭಿನ್ನರಾಶಿ; ಮನುಷ್ಯನ ಯೋಗ್ಯತೆಗೂ ಅಲ್ಲಿ ಅದೇ ಪದ. ಮೇಂಗ್ ಗುಡುಗಿದರು: "ಟೀಚರ್, ನಿಮಗೆ ನಿಮ್ಮ ಬುನ್ಸು ಗೊತ್ತಿಲ್ಲ!"

"ಅಯ್ಯೋ, ಗೊತ್ತು ಸಾರ್!" ದಾಸೋಲ್‌ಗೆ ರೋಷ ಬಂತು. "ನಮ್ ಟೀಚರಿಗೆ ಎಲ್ಲಾ ಬುನ್ಸೂ ಗೊತ್ತು. ಗಾಬುನ್ಸುನ ಸರಿ ಮಾಡೋದೂ ಗೊತ್ತು. ಮೇಲಿನದ್ರಿಂದ ಪೂರ್ಣ ಸಂಖ್ಯೆ ತೆಗೆದು ಪಕ್ಕಕ್ಕಿಟ್ರೆ ಸಾಕು, ಮಗು ಸಣ್ಣಗಾಗತ್ತೆ." ಮೇಂಗ್ ಮುಖ ನೋಡಿ ಪಾಪ ಅನ್ನಿಸಿರಬೇಕು, ದನಿ ತಗ್ಗಿಸಿದಳು: "ನಿಮಗೂ ಮಾಡ್ಕೊಡ್ತಾರೆ ಸಾರ್, ಹೆದರ್ಬೇಡಿ."

ತಾಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು... ಅಂದ್ರೆ... ನಾನು..." ಎನ್ನುತ್ತ ಮೇಂಗ್ ಹೊರಗೆ ನಡೆದರು. ಅಂದು ಆ ತರಗತಿಯಲ್ಲಿ ತಡವರಿಸಿದವರು ಅವರೊಬ್ಬರೇ. ಪೀರಿಯಡ್ ಉಳಿಯಿತು.