ಚಿಕ್ಕಮ್ಮ ಏಣಿ ಹಿಡಿದದ್ದು

ಮೊನ್ನೆ ನಮ್ಮ ಮನೆಗೆ ಬಣ್ಣ ಬಳಿಯಲು ಬಂದವನು ಏಣಿಯನ್ನು ಗೋಡೆಗೆ ಒರಗಿಸಿ, "ಸ್ವಲ್ಪ ಹಿಡ್ಕೊಳ್ಳಿ ಸಾರ್" ಎಂದ. ಬುಡ ಹಿಡಿದು ನಿಂತೆ. ನೀವೂ ಎಂದಾದರೂ ಹಾಗೆ ನಿಂತಿದ್ದರೆ ಗೊತ್ತಿರುತ್ತದೆ, ಮೇಲಿನವನಿಗಾದರೆ ಕೈತುಂಬ ಕೆಲಸ, ಕೆಳಗಿನವನಿಗೆ ಹಳೆಯದನ್ನು ನೆನೆಯುವುದು ಬಿಟ್ಟರೆ ಬೇರೇನೂ ಇಲ್ಲ. ನನಗೆ ಕೋಣಂದೂರಿನ ಚಿಕ್ಕಪ್ಪ ನೆನಪಾದರು.

ಎಂಬತ್ತರ ಆಸುಪಾಸಿನಲ್ಲಿ ಅವರಿಗೆ ಅಲ್ಲೊಂದು ಹಿಟ್ಟಿನ ಗಿರಣಿಯಿತ್ತು. ನಾನು ಅದೇ ಊರಿನಲ್ಲಿ ಮೇಷ್ಟ್ರು, ಊಟ, ವಸತಿ ಅವರ ಮನೆಯಲ್ಲೇ. ಚಿಕ್ಕಪ್ಪ ಒಮ್ಮೆ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಬುಡ ಹಿಡಿದಿದ್ದ ಆಳು ಎಲೆಯಡಿಕೆ ಉಗಿಯಲು ಹೋಗಿದ್ದನಂತೆ. ಅಂದಿನಿಂದ ಅವರಿಗೆ ಏಣಿಯೆಂದರೆ ಒಂದು ಶಾಸ್ತ್ರ. ನಾಲ್ಕು ಮೊಳ ಎತ್ತರಕ್ಕೆ ಬುಡ ಒಂದು ಮೊಳ ದೂರವಿರಬೇಕು. ಹತ್ತಿದವನ ಒಂದು ಕೈ ಸದಾ ಏಣಿಯ ಮೇಲಿರಬೇಕು. ಹಿಡಿದವರು ಕೆಳಗಿನ ಮೆಟ್ಟಿಲ ಮೇಲೆ ನಿಂತು ಎರಡೂ ಕಡೆ ಹಿಡಿಯಬೇಕು, ಭೂಮಿ ನಡುಗಿದರೂ ಬಿಡಬಾರದು. ನಾನು ಬಲ್ಬು ಹಾಕಲು ಕುರ್ಚಿ ಹತ್ತಿದರೂ ಈ ಪಾಠವನ್ನು ಪೂರ್ತಿ ಕೇಳಬೇಕಿತ್ತು.

ಚಿಕ್ಕಮ್ಮ ಏನಾದರೂ ಹೇಳಹೊರಟರೆ ಮಾತ್ರ ಚಿಕ್ಕಪ್ಪ "ನೋಡಣ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಮಗಳು ಸುಶೀಲ ಎಸ್ಸೆಸ್ಸೆಲ್ಸಿ ಪಾಸಾಗಿ, ತೀರ್ಥಹಳ್ಳಿಯ ಕಾಲೇಜಿಗೆ ಸೇರುತ್ತೇನೆ ಎಂದಾಗಲೂ ಅದೇ "ನೋಡಣ". ತುಂಬಿಟ್ಟ ಅರ್ಜಿ ಅವರ ಸಹಿಗಾಗಿ ನನ್ನ ಜೇಬಿನಲ್ಲಿ ಮೂರು ವಾರ ಓಡಾಡಿ ಮಡಿಕೆಯಲ್ಲಿ ಹರಿಯತೊಡಗಿತ್ತು.

ಅರ್ಜಿ ಕೊಡಲು ಇನ್ನೊಂದೇ ದಿನ ಉಳಿದಿದ್ದಾಗ ಗಿರಣಿಯ ಮೇಲಿನ ಚಕ್ರದಿಂದ ಬೆಲ್ಟ್ ಜಾರಿತು. ಆಳು ಬಂದಿರಲಿಲ್ಲ. ನನ್ನ ಹಿಡಿತದ ಮೇಲೆ ಚಿಕ್ಕಪ್ಪನಿಗೆ ನಂಬಿಕೆಯಿರಲಿಲ್ಲ. ಮೋಟಾರು ನಿಲ್ಲಿಸಿ, ಚಿಕ್ಕಮ್ಮನನ್ನು ಕರೆದು ಏಣಿ ಹಿಡಿಸಿ ಹತ್ತಿದರು. ಅಕ್ಕಿ ಡಬ್ಬಿ ಹಿಡಿದ ಏಳೆಂಟು ಜನ ಕಾಯುತ್ತಿದ್ದರು. ಬೆಲ್ಟ್ ಕೂತಿತು. ಇಳಿಯಲು ನೋಡಿದರೆ ಚಿಕ್ಕಮ್ಮ ಕೆಳಗಿನ ಮೆಟ್ಟಿಲ ಮೇಲೆ ಅಡ್ಡವಾಗಿ ನಿಂತೇ ಇದ್ದಾರೆ.

"ಸುಶೀಲನ್ನ ಕಾಲೇಜಿಗೆ ಕಳಿಸ್ತೀರೋ ಇಲ್ವೋ, ಈಗ ಹೇಳಿ" ಎಂದರು.

"ನೋಡಣ. ಏಣಿ ಬಿಡೇ, ಇಳೀತೀನಿ."

"ಬಿಡಬಾರ್ದು ಅಂತ ನೀವೇ ಹೇಳಿದ್ದಲ್ವಾ? ಬಿಟ್ರೆ ಬೀಳ್ತೀರಿ."

"ಎಂತ ಹಟ ಇದು! ಜನ ನೋಡ್ತಿದಾರೆ."

"ನೋಡ್ಲಿ. ನಾನೇನು ಅಲುಗಾಡಿಸ್ತಿದೀನಾ?"

ನಿಜಕ್ಕೂ ಏಣಿ ಕಲ್ಲುಕಂಬದಂತಿತ್ತು. ಕಾಯುತ್ತಿದ್ದ ಅಜ್ಜಿಯೊಬ್ಬರಿಗೆ ತಾಳ್ಮೆ ಕೆಟ್ಟಿತು. "ಗೌಡ್ರೇ, ಹೂಂ ಅಂದ್ಬಿಡಿ. ಮಧ್ಯಾಹ್ನಕ್ಕೆ ಕಡುಬು ಆಗ್ಬೇಕು!"

ಚಿಕ್ಕಪ್ಪ ಛಾವಣಿಯ ಹೆಂಚು ನೋಡಿದರು, ಕೆಳಗಿನ ಜನರನ್ನು ನೋಡಿದರು. ಕೊನೆಗೆ, "ಸರಿ ಮಾರಾಯ್ತಿ, ಎಲ್ಲಿ ಸಹಿ ಹಾಕ್ಬೇಕು?" ಎಂದರು. ಇಳಿದ ಮೇಲೆ ಹಾಕುತ್ತೇನೆ ಎಂದರೆ ಚಿಕ್ಕಮ್ಮ ಒಪ್ಪಲಿಲ್ಲ. ನಾನು ಅರ್ಜಿ, ಪೆನ್ನು ಕೊಡಲು ಸ್ಟೂಲು ಹತ್ತಿದೆ.

"ಇಳಿಯೋ! ಅದನ್ನ ಯಾರು ಹಿಡಿದಿದಾರೆ?" ಎಂದು ಚಿಕ್ಕಪ್ಪ ಮೇಲಿಂದ ಗದರಿದರು.

ಇಬ್ಬರು ಗಿರಾಕಿಗಳು ಬಂದು ಸ್ಟೂಲಿನ ಕಾಲು ಹಿಡಿದರು. ಅಜ್ಜಿ ತಮ್ಮ ಡಬ್ಬಿಯ ಮುಚ್ಚಳ ಕೊಟ್ಟರು. ಅದರ ಮೇಲೆ ಅರ್ಜಿಯಿಟ್ಟು ಎತ್ತಿ ಹಿಡಿದೆ. ಚಿಕ್ಕಪ್ಪ ನಿಯಮ ತಪ್ಪದೆ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಸಹಿ ಹಾಕಿದರು. ಸಹಿ ಜಾರುತ್ತಾ ಹೋಗಿ ಕಾಗದದ ಅಂಚಿನಲ್ಲಿ ನಿಂತಿತು.

ಮರುದಿನ ಅವರೇ ಮಗಳೊಂದಿಗೆ ತೀರ್ಥಹಳ್ಳಿ ಬಸ್ಸು ಹತ್ತಿದರು. ಸಹಿ ಯಾಕೆ ಹೀಗಿದೆ ಎಂದು ಕಾಲೇಜಿನ ಗುಮಾಸ್ತರು ಕೇಳಿದ್ದಕ್ಕೆ, "ಏಣಿ ಮೇಲೆ ಮಾಡಿದ್ದು. ಆದ್ರೆ ಏಣಿ ಗಟ್ಟಿಯಾಗೇ ಹಿಡಿದಿದ್ರು" ಎಂದರಂತೆ.

ಸುಶೀಲ ಓದಿ ಹೈಸ್ಕೂಲು ಟೀಚರಾದಳು. ಚಿಕ್ಕಮ್ಮನ ಜಾಣತನದ ಈ ಕತೆಯನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಮೊನ್ನೆ ಸಂಜೆ ಅವರಿಗೆ ಫೋನು ಮಾಡಿ, "ಅವತ್ತು ಮೊದ್ಲೇ ಯೋಚ್ನೆ ಮಾಡಿದ್ರಾ ಚಿಕ್ಕಮ್ಮ?" ಎಂದು ಕೇಳಿದೆ.

"ಎಂತ ಯೋಚ್ನೆನೋ! ಅವ್ರು ಇನ್ನೊಂದ್ಸಲ ಬಿದ್ರೆ ಅಂತ ನಂಗೆ ಕೈಕಾಲು ಬಿಗಿದೇ ಹೋಗಿತ್ತು. ಬಿಡಣ ಅಂದ್ರೂ ಬಿಡಕ್ಕೆ ಬರ್ತಿರ್ಲಿಲ್ಲ. ಹೆದ್ರಿಕೆ ಗೊತ್ತಾಗ್ಬಾರ್ದು ಅಂತ ಬಾಯಿಗೆ ಬಂದಿದ್ದು ಮಾತಾಡ್ದೆ. ಬಾಯಿಗೆ ಬಂದಿದ್ದು ಸುಶೀಲನ ಕಾಲೇಜೇ."

ಆಚೆ ಕಡೆ ಅವರು ನಗುತ್ತಿದ್ದರು. ಈ ಕತೆಗೆ ನನಗೆ ನಗು ಬಾರದ್ದು ಅದೇ ಮೊದಲು.