ನಮ್ಮ ಬೀದಿ ಮುಚ್ಚಿಸಿದ ಸ್ಟೇಷನ್

ತುಮಕೂರಿನ ಗುಬ್ಬಿ ಕಡೆಯ ಅಂಚಿನಲ್ಲಿ, ನಮ್ಮ ಬೀದಿ ಮುಗಿಯುವಲ್ಲಿ ಒಂದು ರೈಲ್ವೆ ಸ್ಟೇಷನ್ ಇತ್ತು. ಸ್ಟೇಷನ್ ಅಂದರೆ ಒಂದು ಪ್ಲಾಟ್‌ಫಾರಂ, ಹಳದಿ ಬೋರ್ಡು, ಎರಡು ಕಲ್ಲುಬೆಂಚು, ಒಂದು ಹೊಂಗೆ ಮರ, ಗೂಡಿನಂಥ ರೂಮಿನಲ್ಲಿ ಕೂತು ಕಮಿಷನ್ ಮೇಲೆ ಟಿಕೆಟ್ ಕೊಡುವ ಏಜೆಂಟರು. ಅಷ್ಟೇ. ನಿಲ್ಲುತ್ತಿದ್ದದ್ದು ಪ್ಯಾಸೆಂಜರ್ ಗಾಡಿ ಮಾತ್ರ, ಅದೂ ಒಂದೇ ನಿಮಿಷ. ಈಗ ಅದೂ ನಿಲ್ಲುವುದಿಲ್ಲ. ಬೇರೆ ಬೀದಿಯವರು ಯಾಕೆ ಮುಚ್ಚಿತು ಎಂದು ಕೇಳಿದರೆ ನಾವು ಸರ್ಕಾರವನ್ನು ಬೈಯುತ್ತೇವೆ. ನಿಜ ಹೇಳಬೇಕೆಂದರೆ ಮುಚ್ಚಿಸಿದ್ದು ನಾವೇ.

ನನ್ನ ಅಜ್ಜಿಗೆ ಬಸ್ಸು ಆಗಿಬರುವುದಿಲ್ಲ. ನಿಂಬೆಹಣ್ಣು ಮೂಗಿಗೆ ಹಿಡಿದು ಕೂತರೂ ಎರಡನೇ ಸ್ಟಾಪಿಗೆ ವಾಂತಿ. ಕಾರು, ಆಟೋ ಎಲ್ಲಕ್ಕೂ ಅದೇ ಗತಿ. ರೈಲೊಂದೇ ಒಗ್ಗುತ್ತಿದ್ದದ್ದು. ಗುಬ್ಬಿಯಲ್ಲಿ ಆಕೆಯ ತಂಗಿ ಇದ್ದಾರೆ, ಮೊಣಕಾಲು ನೋವಿನಿಂದ ಹೊಸಿಲು ದಾಟಲಾರರು. ಪ್ರತಿ ಸೋಮವಾರ ಅಜ್ಜಿ ಡಬ್ಬಿ ಕಟ್ಟಿಕೊಂಡು ಹೋಗಿ, ತಂಗಿಯ ತಲೆ ಬಾಚಿ, ಮನಸಾರೆ ಜಗಳವಾಡಿ, ಸಂಜೆ ಗಾಡಿಗೆ ವಾಪಸ್ ಬರುತ್ತಿದ್ದಳು. ಈ ಸ್ಟೇಷನ್ ಇಲ್ಲದಿದ್ದರೆ ತಂಗಿಯ ಮುಖ ನೋಡುವಂತಿರಲಿಲ್ಲ.

ನಮ್ಮ ಬೀದಿಗೆ ಒಂದು ಕಾಯಿಲೆ ಇದೆ. ಯಾರೇ ಊರಿಗೆ ಹೊರಟರೂ ಕಳಿಸಿಕೊಡಲು ಬೀದಿಯೆಲ್ಲ ಬರಬೇಕು. ಗುಬ್ಬಿ ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೂ ಪ್ರತಿ ಸೋಮವಾರ ಇಪ್ಪತ್ತು ಜನ ಪ್ಲಾಟ್‌ಫಾರಂ ಮೇಲೆ ನಿಂತು, ಅಜ್ಜಿ ಕಾಶಿಗೇ ಹೊರಟಳೇನೋ ಎಂಬಂತೆ "ಹುಷಾರು ಕಣಜ್ಜಿ" ಎಂದು ಕೈ ಬೀಸುತ್ತಿದ್ದರು.

ಒಂದು ದಿನ ಏಜೆಂಟರು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದರು. "ಅಜ್ಜಿ, ಜನಾನೇ ಹತ್ತಲ್ಲ ಅಂತ ನಮ್ ಸ್ಟೇಷನ್ ಮುಚ್ತಾರಂತೆ. ಬರೋ ಸೋಮವಾರ ಒಬ್ರು ಸಾಹೇಬ್ರು ಹತ್ತೋರ್ನ ಎಣಿಸೋಕೆ ಬರ್ತಾವ್ರೆ."

ಅಜ್ಜಿ ಅವತ್ತೇ ಮನೆಮನೆಗೂ ಹೋದಳು. "ಎಲ್ರೂ ಟಿಕೆಟ್ ತಗೊಂಡು ಹತ್ಬೇಕು. ಗುಬ್ಬೀಲಿ ಇಳ್ದು ಮುಂದಿನ್ ಗಾಡೀಗೆ ವಾಪಸ್ ಬನ್ನಿ. ತಪ್ಪಿಸ್ಕೊಂಡೋರ ಮನೆ ಬಾಗ್ಲು ತುಳಿಯಲ್ಲ ನಾನು."

ಎಲ್ಲರೂ ಒಪ್ಪಿದರು. ನಾನು ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜ ಹಾಕಿದೆ. ನಮ್ಮ ಭಾವ ಈ ರೈಲು ಹತ್ತುವುದಕ್ಕಾಗಿಯೇ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಬೈಕಿನಲ್ಲಿ ಬಂದರು. ಸೋಮವಾರ ಪ್ಲಾಟ್‌ಫಾರಂ ಮೇಲೆ ಕಾಲಿಡಲು ಜಾಗವಿಲ್ಲ. ಹೆಂಗಸರೆಲ್ಲ ರೇಷ್ಮೆ ಸೀರೆ. ಏಜೆಂಟರ ಹತ್ತಿರ ಟಿಕೆಟ್ಟೇ ಖಾಲಿ! ಸಾಹೇಬರು ಹೊಂಗೆ ಮರದ ಕೆಳಗೆ ಪೆನ್ನು ಹಿಡಿದು ನಗುತ್ತಾ ನಿಂತಿದ್ದರು.

ಗಾಡಿ ಬಂತು. ಮೊದಲು ಅಜ್ಜಿ ಹತ್ತಿ ಕಿಟಕಿಯಲ್ಲಿ ಕೂತಳು. ಅಷ್ಟರಲ್ಲಿ ಯಾರೋ ಅಭ್ಯಾಸಬಲದಿಂದ "ಹುಷಾರು ಕಣಜ್ಜಿ" ಎಂದರು. ಮುಗಿಯಿತು. ಎಲ್ಲರ ಕೈಗಳೂ ಮೇಲೆದ್ದವು. "ಮುಟ್ಟಿದ್ ತಕ್ಷಣ ಫೋನ್ ಮಾಡಿ", "ತಂಗೀನ ಕೇಳ್ದೆ ಅಂತ ಹೇಳಿ" ಎಂದು ಶುರುವಾಯಿತು. ಅಜ್ಜಿ ಕಿಟಕಿಯಿಂದ "ಹತ್ರೋ, ಥೂ, ಹತ್ರೋ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಾಳೆ, ನಾವು ಇನ್ನೂ ಜೋರಾಗಿ ಕೈ ಬೀಸುತ್ತಿದ್ದೇವೆ. ಕೊನೆಯ ಬೋಗಿ ಕಣ್ಮರೆಯಾದ ಮೇಲೆ ನನ್ನ ಕೈ ನೋಡಿಕೊಂಡೆ. ನಾನು ಅಷ್ಟು ಹೊತ್ತು ಬೀಸಿದ್ದು ಟಿಕೆಟ್ಟನ್ನೇ.

"ನೀವೆಲ್ಲ ಯಾರ್ರೀ?" ಎಂದರು ಸಾಹೇಬರು.

"ಕಳ್ಸೋಕೆ ಬಂದೋರು ಸಾರ್," ಎಂದು ಭಾವ ಹೆಮ್ಮೆಯಿಂದ ಉತ್ತರ ಕೊಟ್ಟರು.

ಏಜೆಂಟರು ಖಾಲಿ ಟಿಕೆಟ್ ಪೆಟ್ಟಿಗೆ ತೋರಿಸಿ ಗೋಗರೆದರು. ಹತ್ತಿದವರನ್ನು ಎಣಿಸುವುದಷ್ಟೇ ತನ್ನ ಕೆಲಸ ಎಂದು ಆ ಮನುಷ್ಯ ಹಾಳೆಯಲ್ಲಿ 'ಒಂದು' ಎಂದು ಬರೆದುಕೊಂಡು ಹೋದ.

ಸ್ಟೇಷನ್ ಮುಚ್ಚಿದ ಮೇಲಿನ ಮೊದಲ ಸೋಮವಾರವೂ ಅಜ್ಜಿ ಡಬ್ಬಿ ಕಟ್ಟಿಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು. ಗಾಡಿ ನಿಲ್ಲದೆ ಹೋಯಿತು. ಮನೆಗೆ ಬಂದು ಡಬ್ಬಿಯನ್ನು ನನ್ನ ಮುಂದಿಟ್ಟು "ತಿನ್ನು" ಎಂದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅಳುವೂ ಬಂತು.

ತುಮಕೂರಿನ ದೊಡ್ಡ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರವಿಲ್ಲ. ಸ್ಕೂಟರಿನಲ್ಲಿ ಬರೀ ಗಾಳಿ, ವಾಸನೆಯೇ ಇಲ್ಲ ಎಂದು ಮೂರು ವಾರ ಪುಸಲಾಯಿಸಿದೆ. ನಾಲ್ಕನೇ ಸೋಮವಾರ ಬೀದಿಯವರೆಲ್ಲ ನೋಡುತ್ತಿದ್ದಂತೆ ಅಜ್ಜಿ ಡಬ್ಬಿ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ನಿಂಬೆಹಣ್ಣು ಹಿಡಿದು ಹಿಂದೆ ಕೂತಳು. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ವಾಂತಿ ಮಾತ್ರ ಆಗಲಿಲ್ಲ! ಎರಡು ಟಿಕೆಟ್ ತೆಗೆಸಿ, ಒಂದನ್ನು ಆಕೆಯ ಕೈಗಿಟ್ಟು, ಕಿಟಕಿ ಪಕ್ಕ ಕೂರಿಸಿ, ಕೆಳಗಿಳಿದು ಬಂದು ಕಿಟಕಿಯ ಹೊರಗೆ ನಿಂತೆ. "ಹುಷಾರು ಕಣಜ್ಜಿ" ಎಂದೆ. ಗಾಡಿ ಹೊರಟಿತು. ನನ್ನ ಟಿಕೆಟ್ ಜೇಬಿನಲ್ಲೇ ಇತ್ತು.

"ಹತ್ತೋದು ಯಾವಾಗ್ಲಾ ಕಲಿಯೋದು ನೀನು?" ಎಂದು ಅಜ್ಜಿ ಕಿಟಕಿಯಿಂದ ಕೂಗಿದಳು.

ಒಬ್ಬಳೇ ಏನಾದಳೋ ಎಂದು ನಾನು ಪ್ಲಾಟ್‌ಫಾರಂ ಮೇಲೆ ಬೆವರುತ್ತಿದ್ದಾಗ ಆಕೆಯದೇ ಫೋನ್ ಬಂತು. ಗಾಡಿಯ ಸದ್ದಿನ ನಡುವೆ ಆಕೆ ಕೂಗಿ ಹೇಳುತ್ತಿದ್ದಳು.

"ಈಗ ನಮ್ ಸ್ಟೇಷನ್ ದಾಟ್ತು ಕಣೋ. ಬೀದಿಗ್ ಬೀದೀನೇ ಬಂದು ನಿಂತೈತೆ. ಏಜೆಂಟೂ ಅವ್ನೆ. ಎಲ್ರೂ ಕೈ ಬೀಸ್ತಾವ್ರೆ. ಈಗ ಬಂದು ಎಣಿಸ್ಲಿ ಆ ಸಾಹೇಬ!"