ಅಕ್ಕನ ಮನೆಯ ಖಾಲಿ ಬಕೆಟ್ಟು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವಳು ತೂಕದಮ್ಮ. ಪ್ರತಿ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕೊಕ್ಕೆ ತಕ್ಕಡಿಯನ್ನು ಹೆಗಲಿಗೆ ನೇತುಹಾಕಿಕೊಂಡು ಮನೆಮನೆಯ ಕಸ ತೂಗುತ್ತ ಬರುವವಳನ್ನು ಇನ್ನೇನೆಂದು ಕರೆಯುತ್ತಾರೆ? ಮಕ್ಕಳು ಹಾಗೆ ಕೂಗಿದರೆ ಅವಳಿಗೆ ಸಿಟ್ಟಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ಊರಾಚೆಯ ಕಸದ ಗುಡ್ಡೆಯಲ್ಲಿ ಇನ್ನು ಒಂದು ಲಾರಿಗೂ ಜಾಗವಿಲ್ಲ ಎಂದಾದ ವರ್ಷ ನಗರಸಭೆಯವರು ಈ ಯೋಜನೆ ತಂದರು. ಕಸವನ್ನು ಎಲ್ಲಿಗೆ ಸಾಗಿಸುವುದು ಅನ್ನುವುದಕ್ಕಿಂತ ಅದು ಮನೆಯಲ್ಲಿ ಹುಟ್ಟದ ಹಾಗೆ ನೋಡಿಕೊಳ್ಳುವುದು ಮುಖ್ಯ ಎಂದರು. ಪ್ರತಿ ಮನೆಗೂ ಹಸಿ ಕಸಕ್ಕೆ ಹಸಿರು ಬಕೆಟ್ಟು, ಒಣ ಕಸಕ್ಕೆ ನೀಲಿ ಬಕೆಟ್ಟು ಬಂದವು. ಬೀದಿಗೊಬ್ಬರು ತೂಗುವವರು, ಬೀದಿಯ ಬಾಯಲ್ಲಿ ಒಂದು ಕಪ್ಪು ಹಲಗೆ. ವಾರದ ಲೆಕ್ಕದಲ್ಲಿ ಯಾರ ಕಸ ಎಲ್ಲರಿಗಿಂತ ಕಡಿಮೆಯೋ ಅವರ ಮನೆಯ ಸಂಖ್ಯೆ ಹಲಗೆಯ ತುದಿಯಲ್ಲಿ, ಅವರ ಗೇಟಿಗೆ ಹಸಿರು ರಿಬ್ಬನ್ನು.

ಮೊದಮೊದಲು ಜನ ಮೂಗು ಮುರಿದರು. "ನಮ್ಮನೆ ಸಿಪ್ಪೆ ತೂಗೋಕೆ ನೀನ್ಯಾರಮ್ಮ?" ಎಂದು ಕೇಳಿದವರೂ ಇದ್ದರು. ತೂಕದಮ್ಮ ಬಿಡುವ ಪೈಕಿ ಅಲ್ಲ. ತಿನ್ನುವವರನ್ನು ಎಣಿಸಿಕೊಂಡು ಅಡುಗೆ ಮಾಡಿ ಎಂದು ಕಲಿಸಿದಳು, ಅಂಗಡಿಗೆ ಕೈಚೀಲ ಒಯ್ಯದವರನ್ನು ಬೀದಿಯಲ್ಲೇ ತಡೆದು ವಾಪಸು ಕಳಿಸಿದಳು. ಬೇಡವಾದ ಆಟಿಕೆ, ಪಾತ್ರೆ, ಬಟ್ಟೆಯನ್ನು ಬೇಕಾದವರು ಒಯ್ಯಲಿ ಎಂದು ಸಮುದಾಯ ಭವನದ ಮೂಲೆಯಲ್ಲಿ ಕಪಾಟು ಇಡಿಸಿದಳು. ವರ್ಷ ತಿರುಗುವುದರೊಳಗೆ ಬೀದಿಗೆ ಪೈಪೋಟಿಯ ಜ್ವರ ಹತ್ತಿತು. ಮೂಲೆಮನೆಯ ಮೇಷ್ಟ್ರು ತಮ್ಮ ಕಲ್ಲಂಗಡಿ ಸಿಪ್ಪೆಯನ್ನು ಪಕ್ಕದ ಮನೆಯ ಬಕೆಟ್ಟಿಗೆ ಸಾಗಹಾಕಿ ಸಿಕ್ಕಿಬಿದ್ದರು. ಜೀವನವಿಡೀ ಮಕ್ಕಳಿಗೆ ನಕಲು ಹೊಡೆಯಬಾರದು ಎಂದು ಪಾಠ ಹೇಳಿದ ಮನುಷ್ಯ!

"ಕಸ ತೋರಿಸಿ, ಮನೆ ಹೇಳ್ತೀನಿ" ಅನ್ನುವುದು ಅವಳ ಜಂಭದ ಮಾತು. ಅದರಲ್ಲಿ ಸುಳ್ಳಿರಲಿಲ್ಲ. ಒಂದು ಪಾತ್ರೆ ಅನ್ನ ಹಾಗೇ ಬಿದ್ದಿದ್ದರೆ ಗಂಡ ಹೆಂಡತಿ ಜಗಳವಾಡಿದ್ದಾರೆ. ಬ್ರೆಡ್ಡಿನ ಅಂಚು ಮಾತ್ರ ಬಿದ್ದಿದ್ದರೆ ಮನೆಗೆ ಮುದ್ದಿನ ಮೊಮ್ಮಗು ಬಂದಿದೆ. ಬಕೆಟ್ಟಿನ ಮುಚ್ಚಳ ಎತ್ತಿದರೆ ಸಾಕು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು.

ಅದೇ ಬೀದಿಯ ಹತ್ತನೇ ನಂಬರಿನ ಮನೆಯಲ್ಲಿ ಅವಳ ಅಕ್ಕ ಇದ್ದಳು. ಅಕ್ಕ ಅಂದರೆ ಅವಳಿಗೆ ಬರೀ ಅಕ್ಕ ಅಲ್ಲ. ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಜಡೆ ಹಾಕಿದವಳು, ಬೈದವಳು, ಹೊಲಿಗೆ ಯಂತ್ರ ತುಳಿದು ಶಾಲೆ ಓದಿಸಿದವಳು ಅಕ್ಕ. ಈಗ ಗಂಡನಿಲ್ಲ, ಮಕ್ಕಳಾಗಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಅಡುಗೆ. ಒಳ್ಳೆ ಊಟದ ಹೆಂಗಸು, ಒಬ್ಬಳೇ ಇದ್ದರೂ ನಾಲ್ಕು ಜನಕ್ಕಾಗುವಷ್ಟು ಬೇಯಿಸುವವಳು. ಹಾಗಾಗಿ ಹಲಗೆಯ ಮೇಲೆ ಹತ್ತನೇ ನಂಬರು ಯಾವಾಗಲೂ ತಳದಲ್ಲೇ. "ತೂಕದಮ್ಮನ ಸ್ವಂತ ಅಕ್ಕನೇ ಹೀಗೆ" ಎಂದು ಜನ ಆಡಿಕೊಳ್ಳುತ್ತಿದ್ದರು. ತಂಗಿಗೆ ಮುಖ ಎತ್ತಲಾಗುತ್ತಿರಲಿಲ್ಲ.

"ಅಕ್ಕಾ, ನನ್ನ ಮರ್ಯಾದೆನಾದ್ರೂ ನೋಡೇ," ಎಂದು ಒಂದು ಶನಿವಾರ ಅವಳು ರೇಗಿದಳು. "ಒಬ್ಬಳಿಗೆ ಮೂರೂವರೆ ಕಿಲೋ ಹಸಿ ಕಸ! ಏನು, ಛತ್ರ ನಡೆಸ್ತಿದ್ದೀಯಾ?"

"ಆಯ್ತು ಕಣೇ ಪುಟ್ಟಿ, ಇನ್ಮೇಲೆ ಕಡಿಮೆ ಮಾಡ್ತೀನಿ," ಎಂದಳು ಅಕ್ಕ.

ಮುಂದಿನ ವಾರ ಎರಡೂವರೆ ಕಿಲೋ ಬಂತು. ಅದರ ಮುಂದಿನ ವಾರ ಎರಡಕ್ಕೆ ಇಳಿಯಿತು. ತಂಗಿಗೆ ಹಿಗ್ಗೋ ಹಿಗ್ಗು. ಇಷ್ಟು ದಿನ ಬಾಗಿಲಲ್ಲೇ ತೂಗಿ, ಬೈದು, ಮುಂದಿನ ಮನೆಗೆ ಓಡುತ್ತಿದ್ದವಳು ಈಗ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರತೊಡಗಿದಳು. ಅಕ್ಕನ ಕೈಯಿಂದ ಚಹಾ ಕುಡಿದು, ಮೇಷ್ಟ್ರ ಕಥೆ ಹೇಳಿ ನಗಿಸಿ ಹೋಗುತ್ತಿದ್ದಳು. ತನ್ನ ಲೋಟ ಖಾಲಿಯಾದಾಗಲೂ ಅಕ್ಕನ ಲೋಟ ತುಂಬಿಯೇ ಇರುತ್ತದೆ ಎಂಬುದು ಅವಳ ಕಣ್ಣಿಗೆ ಬೀಳಲಿಲ್ಲ. ಊರಿನ ಕಸದಲ್ಲಿ ಎಲ್ಲ ಕಾಣುವ ಕಣ್ಣು ಅದು!

ಒಂದೂವರೆ, ಒಂದು, ಅರ್ಧ ಕಿಲೋ. ಹತ್ತನೇ ನಂಬರು ಹಲಗೆಯ ತುದಿಗೇರಿತು. ಗೇಟಿಗೆ ರಿಬ್ಬನ್ನು ಕಟ್ಟಿದ ದಿನ ತಂಗಿ ಬೀದಿಯವರನ್ನೆಲ್ಲ ಕರೆದು ಅಕ್ಕನನ್ನು ಮುಂದೆ ನಿಲ್ಲಿಸಿದಳು. "ಹೇಗೆ ಮಾಡಿದ್ರಿ, ನಮಗೂ ಹೇಳಿ," ಎಂದರು ಹೆಂಗಸರು. ಅಕ್ಕ ನಕ್ಕು, "ಬೇಕಾದಷ್ಟೇ ಮಾಡ್ಕೋತೀನಿ, ಅಷ್ಟೇ," ಅಂದಳು. ಆ ದಿನ ಅವಳು ತೊಟ್ಟಿದ್ದ ಅಂಗಿ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಕೂರದೆ ಏನು? ಹೊಲಿಗೆಯವಳು. ವಾರವಾರವೂ ತನ್ನ ಅಂಗಿಗಳ ಪಕ್ಕ ಬಿಚ್ಚಿ, ಒಳಗೆ ಹಿಡಿದು, ಮತ್ತೆ ಹೊಲಿದುಕೊಳ್ಳುತ್ತಿದ್ದಳು. ನೋಡಿದವರಿಗೆ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ.

ಏಳನೇ ಶನಿವಾರ ತಂಗಿ ಹಸಿರು ಬಕೆಟ್ಟಿನ ಮುಚ್ಚಳ ಎತ್ತಿದಳು. ಒಳಗೆ ಏನೂ ಇರಲಿಲ್ಲ. ಹೋದ ಶನಿವಾರದ ಚಹಾ ಪುಡಿಯೂ ಗಿಡದ ಬುಡ ಸೇರಿತ್ತು. ಇಡೀ ಊರಿನಲ್ಲಿ ಯಾರೂ ಕಾಣದ ಸೊನ್ನೆ! ಅವಳು ತಕ್ಕಡಿಯನ್ನು ನೆಲಕ್ಕೆ ಇಟ್ಟು, "ಗೆದ್ದುಬಿಟ್ಟೆ ಕಣೇ ಅಕ್ಕಾ!" ಎಂದು ಕೂಗಿ ಓಡಿಹೋಗಿ ಅಕ್ಕನನ್ನು ಬಾಚಿ ತಬ್ಬಿಕೊಂಡಳು.

ತೋಳಿಗೆ ಸಿಕ್ಕಿದ್ದು ಬರೀ ಮೂಳೆ. ಬೆನ್ನ ಮೇಲೆ ಕೈ ಇಟ್ಟರೆ ಪಕ್ಕೆಲುಬು ಒಂದೊಂದೂ ಎಣಿಸುವ ಹಾಗಿತ್ತು.

"ಅಕ್ಕಾ, ಏನೇ ಇದು?"

ಅಕ್ಕ ಮೆಲ್ಲಗೆ ಅವಳ ಕೈ ಬಿಡಿಸಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಳು. "ಒಂದೆರಡು ತಿಂಗಳಿಂದ ಗಂಟಲಲ್ಲಿ ಇಳೀತಿಲ್ಲ ಪುಟ್ಟಿ. ಮೊದಲು ಗಟ್ಟಿ ಪದಾರ್ಥ ನಿಲ್ತಿತ್ತು. ಈಗ ನೀರೂ ನಿಲ್ಲುತ್ತೆ."

"ಯಾಕೆ ಹೇಳಲಿಲ್ಲ? ದಿನಾ ಎದುರಿಗೇ ಓಡಾಡ್ತೀನಲ್ಲೇ!"

"ಮೊದಲು ಉಷ್ಣ ಇರಬೇಕು ಅಂದ್ಕೊಂಡೆ. ಆಮೇಲೆ ಭಯ ಆಯ್ತು. ಆಮೇಲೆ..." ಅಕ್ಕ ತಲೆ ತಗ್ಗಿಸಿದಳು. "ನೀನು ಶನಿವಾರ ಬಂದು ಕೂತ್ಕೋತಿದ್ದೆ. ಅಷ್ಟು ಖುಷಿಯಾಗಿರ್ತಿದ್ದೆ. ಹೇಳೋಕೆ ಬಾಯೇ ಬರಲಿಲ್ಲ."

ಆಸ್ಪತ್ರೆಯಲ್ಲಿ ಅನ್ನನಾಳದ ಗಡ್ಡೆ ಎಂದರು. ಶ್ವಾಸಕೋಶಕ್ಕೂ ಹಬ್ಬಿದೆ, ಶಸ್ತ್ರಚಿಕಿತ್ಸೆಯ ಕಾಲ ದಾಟಿದೆ ಎಂದರು. "ಆರೇಳು ವಾರ ಮೊದಲೇ ಬಂದಿದ್ದರೆ ಏನಾದರೂ ಪ್ರಯತ್ನ ಮಾಡಬಹುದಿತ್ತು," ಎಂದರು ಡಾಕ್ಟರಮ್ಮ. ಆ ಆರೇಳು ವಾರ ಯಾರು ಏನು ಮಾಡುತ್ತಿದ್ದರು ಎಂದು ಗೊತ್ತಿಲ್ಲದೆ ಹೇಳಿದ ಮಾತು ಅದು. ತಂಗಿ ಹೊರಗಿನ ಬೆಂಚಿನ ಮೇಲೆ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಅಕ್ಕ ಉಪವಾಸ ಬಿದ್ದಿದ್ದಳು, ತಾನು ಅದಕ್ಕೆ ರಿಬ್ಬನ್ನು ಕಟ್ಟಿದ್ದಳು.

ಅಕ್ಕನನ್ನು ಮನೆಗೇ ಕರೆತಂದರು. ತಂಗಿ ತಕ್ಕಡಿ ಮೂಲೆಗೆ ಎಸೆದು ಹತ್ತನೇ ನಂಬರಿನಲ್ಲೇ ಉಳಿದಳು. ದಿನಕ್ಕೆ ಐದು ಸಲ ಒಲೆ ಹಚ್ಚಿದಳು. ಮೆತ್ತಗೆ ಬೇಯಿಸಿದ ಅನ್ನ, ಸೋಸಿದ ತರಕಾರಿ ನೀರು, ಹಾಲಲ್ಲಿ ಕಿವುಚಿದ ಬಾಳೆಹಣ್ಣು. ಯಾವುದು ಇಳಿಯುತ್ತದೋ ಯಾರಿಗೆ ಗೊತ್ತು ಎಂದು ಒಂದರ ಮೇಲೊಂದು ಮಾಡಿದಳು. ಅಕ್ಕ ಎರಡು ಚಮಚ ತೆಗೆದುಕೊಂಡು ಬಟ್ಟಲನ್ನು ಹಿಂದಕ್ಕೆ ಸರಿಸುತ್ತಿದ್ದಳು. ಉಳಿದದ್ದೆಲ್ಲ ಬಕೆಟ್ಟಿಗೆ ಹೋಗುತ್ತಿತ್ತು.

"ಇಷ್ಟೊಂದು ಯಾಕೆ ಮಾಡ್ತೀಯ? ಹಾಳಾಗುತ್ತೆ ಪುಟ್ಟಿ," ಎಂದಳು ಅಕ್ಕ ಒಂದು ಮಧ್ಯಾಹ್ನ.

"ಹಾಳಾಗ್ಲಿ ಬಿಡೇ! ಎಷ್ಟು ಬೇಕಾದ್ರೂ ಚೆಲ್ಲು. ಬಕೆಟ್ ತುಂಬಾ ಚೆಲ್ಲು. ಒಂದು ತುತ್ತು ತಿನ್ನೇ ಅಕ್ಕಾ, ನಿನ್ನ ಕಾಲು ಹಿಡ್ಕೋತೀನಿ."

ಅಕ್ಕನ ಮುಖದಲ್ಲಿ ಹಳೆಯ ತುಂಟತನ ಒಂದು ಕ್ಷಣ ಸುಳಿಯಿತು. "ಮೆಲ್ಲಗೆ ಮಾತಾಡೇ. ಆಫೀಸಿನವರು ಕೇಳಿಸ್ಕೊಂಡ್ರೆ ನಿನ್ನ ಕೆಲಸ ಹೋಗುತ್ತೆ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ತಂಗಿಗೆ ಅಳು ಬಂತು, ಅಕ್ಕ ತನ್ನ ಕಡ್ಡಿಯಂಥ ಕೈಯನ್ನು ಅವಳ ತಲೆಯ ಮೇಲಿಟ್ಟು ಕೂದಲಲ್ಲಿ ಬೆರಳಾಡಿಸಿದಳು. ಹದಿನೆಂಟನೇ ದಿನ ಬೆಳಿಗ್ಗೆ, ತಂಗಿ ಹಾಲು ಕಾಯಿಸಿ ತರುವಷ್ಟರಲ್ಲಿ, ಅಕ್ಕ ಹೋಗಿಬಿಟ್ಟಿದ್ದಳು.

ತಿಂಗಳಾದ ಮೇಲೆ ನಗರಸಭೆಯ ಅಧಿಕಾರಿ ಪ್ರಮಾಣಪತ್ರ ಹಿಡಿದು ಬಂದರು. ಇಡೀ ಊರಿನಲ್ಲಿ ಅತಿ ಕಡಿಮೆ ಕಸದ ಮನೆ, ಹತ್ತನೇ ನಂಬರು. ಪಾಪ, ಆತನಿಗೆ ಸುದ್ದಿ ತಿಳಿದಿರಲಿಲ್ಲ. ತೂಕದಮ್ಮ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ, ತನ್ನನ್ನು ಉಳಿಸಿಕೊಳ್ಳಲಿಲ್ಲ. ಆತ ಪ್ರಮಾಣಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಾವೂ ಬರೀ ಅಂಕಿ ನೋಡಿದ್ವಮ್ಮ," ಎಂದರು. ಕೆಲಸ ಬಿಡುತ್ತೇನೆ ಎಂದವಳನ್ನು ಬಿಡಬೇಡಿ ಎಂದರು. ಅವಳು ಒಂದು ಷರತ್ತು ಹಾಕಿದಳು: ಯಾವ ಮನೆಯ ಕಸ ಮೂರು ವಾರ ಒಂದೇ ಸಮ ಇಳಿಯುತ್ತದೋ, ಆ ಮನೆಯ ಒಳಗೆ ಹೋಗಿ ವಿಚಾರಿಸಬೇಕು. ರಿಬ್ಬನ್ನು ಗಿಬ್ಬನ್ನು ಎಲ್ಲ ಆಮೇಲೆ. ಅಧಿಕಾರಿ ಒಪ್ಪಿ, ಎಲ್ಲ ಬೀದಿಗಳಿಗೂ ಅದನ್ನೇ ನಿಯಮ ಮಾಡಿದರು.

ಹಾಗೆ ಮೊದಲು ಅವಳು ಬಾಗಿಲು ತಟ್ಟಿದ್ದು ಇಪ್ಪತ್ತೊಂದನೇ ನಂಬರಿನದು. ಒಂಟಿಯಾಗಿದ್ದ ನಿವೃತ್ತ ಕಂಡಕ್ಟರರ ಮನೆ. ಮೂರು ವಾರದಿಂದ ಅವರ ಹಸಿ ಕಸ ಇಳಿಯುತ್ತ ಬಂದು ಅವತ್ತು ಒಂದು ಹಿಡಿ ಉಳಿದಿತ್ತು. ಅವಳು ಬೆಲ್ ಒತ್ತಿದಳು.

"ಅಣ್ಣಾ, ಊಟ ತಿಂಡಿ ಸರಿಯಾಗಿ ಮಾಡ್ತಿದ್ದೀರಾ?"

ಕಂಡಕ್ಟರರು ಹೊಟ್ಟೆ ಸವರಿಕೊಂಡು ನಕ್ಕರು. "ಮಾಡದೆ ಏನಮ್ಮ? ಮಗಳು ಹಿಂದಿನ ಬೀದಿಗೇ ಮನೆ ಮಾಡಿದ್ದಾಳೆ. ಮೂರು ಹೊತ್ತೂ ಅಲ್ಲೇ. ಪ್ಯಾಂಟೇ ಹಿಡೀತಿಲ್ಲ ನೋಡು."

ತೂಕದಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ಕಂಡಕ್ಟರರು ಗಾಬರಿಯಾದರು. ಒಳಗೆ ಓಡಿ ನೀರು ತಂದರು.

"ಯಾಕಮ್ಮಾ? ನಾನು ಚೆನ್ನಾಗೇ ಇದ್ದೀನಲ್ಲ!"

"ಹೌದಣ್ಣಾ, ಚೆನ್ನಾಗಿದ್ದೀರಿ," ಎಂದಳು ಅವಳು. ನೀರಿನ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟಳು. "ಎರಡು ನಿಮಿಷವೂ ಆಗಲಿಲ್ಲ ನೋಡಿ ಕೇಳೋಕೆ. ಏಳು ವಾರ ಅವಳ ಮನೆಗೆ ಹೋದೆ. ಏಳು ವಾರ ಕೂತು ನಕ್ಕೆ. ಊಟ ಮಾಡಿದ್ಯೇನೇ ಅಂತ ನಾನು ಕೇಳಲೇ ಇಲ್ಲ ಅಣ್ಣಾ."